ಒಂದೇ ಮಾರುಕಟ್ಟೆಯ ಹಂಗು

ದೇಶದ ನಾಯಕರು ಆಡಿದ ಮಾತಿಗೆ ವ್ಯಾಪಾರಿಗಳು ಬೆಲೆ ತೆರಬೇಕೆ? 2020ರಲ್ಲಿ ಆಸ್ಟ್ರೇಲಿಯಾಕ್ಕೆ ಎದುರಾದ ಪ್ರಶ್ನೆ ಇದು. ಕೋವಿಡ್ ಮೂಲದ ಬಗ್ಗೆ ಸ್ವತಂತ್ರ ತನಿಖೆಯಾಗಬೇಕೆಂದು ಪ್ರಧಾನಿ ಸ್ಕಾಟ್ ಮಾರಿಸನ್ ಸರ್ಕಾರ ಒತ್ತಾಯಿಸಿದ ಕೆಲವೇ ವಾರಗಳಲ್ಲಿ ಚೀನಾ ಅಲ್ಲಿನ ಬಾರ್ಲಿಯ ಮೇಲೆ ಶೇ 80.5ರಷ್ಟು ಸುಂಕ ಹೇರಿತು. ಮುಂದೆ ವೈನ್ ಮೇಲಿನ ಸುಂಕ ಶೇ 200ನ್ನೂ ದಾಟಿತು; ಕಲ್ಲಿದ್ದಲು ತುಂಬಿದ ಹಡಗುಗಳು ಚೀನಾದ ಬಂದರುಗಳ ಹೊರಗೆ ತಿಂಗಳುಗಟ್ಟಲೆ ಕಾದವು. ಆದರೆ ಕಬ್ಬಿಣದ ಅದಿರನ್ನು ಚೀನಾ ಮುಟ್ಟಲಿಲ್ಲ. ತನ್ನ ಉಕ್ಕಿನ ಕಾರ್ಖಾನೆಗಳಿಗೆ ಆ ಅದಿರು ಬೇಕೇ ಬೇಕಿತ್ತು. ಬಾರ್ಲಿಯನ್ನು ಸೌದಿ ಅರೇಬಿಯಾ, ಕಲ್ಲಿದ್ದಲನ್ನು ಭಾರತ ಮತ್ತು ಜಪಾನ್ ಕೈಹಿಡಿದವು. ವೈನ್‌ಗೆ ಅಷ್ಟು ದೊಡ್ಡ ಗಿರಾಕಿ ಸಿಗದೆ ದ್ರಾಕ್ಷಿ ಬೆಳೆಗಾರರು ನಲುಗಿದರು. ಪೆಟ್ಟಿನ ಆಳವನ್ನು ನಿರ್ಧರಿಸಿದ್ದು ನಾಯಕರ ಮಾತಿಗಿಂತ ಹೆಚ್ಚಾಗಿ ಒಂದೇ ಮಾರುಕಟ್ಟೆಯ ಅವಲಂಬನೆ.

ಸರ್ಕಾರ ಸುಮ್ಮನಿದ್ದಿದ್ದರೆ ನಷ್ಟ ತಪ್ಪುತ್ತಿತ್ತು ಎಂಬ ಆಕ್ಷೇಪವಿದೆ. ಅದರಲ್ಲಿ ಸ್ವಲ್ಪ ಹುರುಳಿದೆ: ಇತರ ದೇಶಗಳ ಬೆಂಬಲ ಗಟ್ಟಿಮಾಡಿಕೊಂಡು ಮಾತಾಡಬಹುದಿತ್ತು. 2022ರಲ್ಲಿ ಬಂದ ಆಂಥನಿ ಅಲ್ಬನೀಸ್ ಸರ್ಕಾರ ದನಿ ತಗ್ಗಿಸಿ ಮಾತುಕತೆ ನಡೆಸಿತು. ಬಾರ್ಲಿ ಸುಂಕ 2023ರಲ್ಲಿ, ವೈನ್ ಸುಂಕ 2024ರಲ್ಲಿ ರದ್ದಾದವು. ಆದರೆ 5ಜಿ ಜಾಲದಿಂದ ಚೀನಾದ ಕಂಪನಿ ಹುವಾವೇಯನ್ನು ಹೊರಗಿಟ್ಟ ನಿರ್ಧಾರ ಹಾಗೇ ಉಳಿಯಿತು. ದನಿ ಬದಲಿಸಿದ್ದೇ ಸಾಕಾಯಿತು, ನಿಲುವು ಮಾರಬೇಕಾಗಲಿಲ್ಲ. ಈ ಪಾಠ ನಮಗೂ ಅನ್ವಯಿಸುತ್ತದೆ: 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲೆ ಶೇ 50ರ ಸುಂಕ ಹೇರಿದಾಗ ತಿರುಪ್ಪೂರಿನ ಉಡುಪು ಉದ್ಯಮಕ್ಕೂ ಅವಲಂಬನೆಯ ಬಿಸಿ ತಟ್ಟಿತು. ಹೊಸ ಮಾರುಕಟ್ಟೆ ಹುಡುಕುವ ಕೆಲಸ ಶಾಂತಿಕಾಲದಲ್ಲೇ ಆಗಬೇಕು. ಅದರ ಖರ್ಚಿನಲ್ಲಿ ಸರ್ಕಾರವೂ ಪಾಲು ಹೊರಬೇಕು.