ಆಟದ ಬಯಲಿನ ಹೆಣ್ಣುಮಕ್ಕಳೂ ಒಂದು ಅವ್ಯಕ್ತ ಬಾಧೆಯೂ

ಹದಿನಾರು ಹದಿನೇಳರ ಪ್ರಾಯದ, ಆರೋಗ್ಯದಲ್ಲಿ ಯಾವ ಕೊರತೆಯೂ ಕಾಣದ, ವಾಲಿಬಾಲಿನಲ್ಲಿಯೋ ಎತ್ತರ ಜಿಗಿತದಲ್ಲಿಯೋ ಜಿಲ್ಲೆಗೆ ಕೀರ್ತಿ ತರಬಲ್ಲ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದಾಗ, ಪರೀಕ್ಷೆ ಸಮೀಪಿಸಿತೆಂದು ಶಿಕ್ಷಕರೂ, ಬೆಳೆದ ಮಗಳು ಬಿಸಿಲಿನಲ್ಲಿ ಓಡಾಡಿದ್ದು ಸಾಕೆಂದು ಮನೆಯವರೂ ತಮತಮಗೆ ತೋರಿದ ಕಾರಣವನ್ನು ಕಲ್ಪಿಸಿಕೊಂಡು ಸುಮ್ಮನಾಗುವುದುಂಟು. ಜಿಗಿದು ನೆಲಕ್ಕಿಳಿಯುವಾಗಲೆಲ್ಲ ತನ್ನ ಹಿಡಿತವನ್ನು ಮೀರಿ ಒಂದೆರಡು ಹನಿ ಮೂತ್ರ ಸೋರಿ ಉಡುಪು ಒದ್ದೆಯಾಗುತ್ತಿದೆಯೆಂಬ, ಹೆತ್ತ ತಾಯಿಯ ಮುಂದೆಯೂ ಬಾಯಿಬಿಟ್ಟು ಹೇಳಲಾರದ ಸಂಕಟವು ಅದರ ಹಿಂದೆ ಅಡಗಿರಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ. ಮೂತ್ರವನ್ನು ತಡೆಯಲಾರದ ಅವಸ್ಥೆಯು ಹಲವು ಹೆರಿಗೆಗಳಾದ ಅಥವಾ ಇಳಿವಯಸ್ಸಿನ ಹೆಂಗಸರಿಗೆ ಮಾತ್ರ ಸಂಬಂಧಿಸಿದ್ದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿರುವುದರಿಂದ, ಆ ಹುಡುಗಿಯಾದರೂ ಲೋಕದಲ್ಲಿ ತನ್ನೊಬ್ಬಳಿಗೇ ಇಂಥದೊಂದು ವಿಕಾರ ಸಂಭವಿಸಿದೆಯೆಂದು ಬಗೆದು ಒಳಗೇ ಕುಗ್ಗುತ್ತಾಳೆ.

ಅವಳು ಒಬ್ಬಂಟಿಯಲ್ಲವೆಂಬುದಕ್ಕೆ ಪ್ರಮಾಣಗಳು ಬೇಕಾದಷ್ಟಿವೆ. ಅಮೆರಿಕದ ಕಾಲೇಜು ತಂಡಗಳಲ್ಲಿ ಆಡುತ್ತಿದ್ದ, ಹೆರಿಗೆಯನ್ನೇ ಕಾಣದ, ಸುಮಾರು ಇಪ್ಪತ್ತರ ಹರೆಯದ ತರುಣಿಯರನ್ನು ಕುರಿತು 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೂರಕ್ಕೆ 28 ಮಂದಿ ಆಟದ ನಡುವೆ ಮೂತ್ರ ಸೋರುವುದೆಂದು ಒಪ್ಪಿಕೊಂಡರು. ಜಿಮ್ನಾಸ್ಟಿಕ್ಸ್ ಮತ್ತು ಬ್ಯಾಸ್ಕೆಟ್‌ಬಾಲ್ ಆಡುವವರಲ್ಲಿ ಈ ಪ್ರಮಾಣ ಮೂವರಲ್ಲಿ ಇಬ್ಬರಷ್ಟಿದ್ದರೆ, ಜಿಗಿತವೇ ಇಲ್ಲದ ಗಾಲ್ಫ್ ಆಟಗಾರ್ತಿಯರಲ್ಲಿ ಒಬ್ಬಳಿಗೂ ಈ ಬಾಧೆಯಿರಲಿಲ್ಲ. ಸ್ವೀಡನ್ನಿನಲ್ಲಿ ಟ್ರ್ಯಾಂಪೊಲಿನ್ ಅಭ್ಯಾಸಿಗಳಾದ 35 ಮಂದಿ ಬಾಲೆಯರನ್ನು ವಿಚಾರಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅವರಲ್ಲಿ ನೂರಕ್ಕೆ 80 ಮಂದಿಗೆ ಅಭ್ಯಾಸದ ವೇಳೆ ಮೂತ್ರ ಸೋರುತ್ತಿತ್ತು. ಅವರ ಸರಾಸರಿ ವಯಸ್ಸು ಕೇವಲ 15.

ಇದರ ಕಾರಣವು ದೇಹದ ರಚನೆಯಲ್ಲಿಯೇ ಇದೆ. ಮುಂದಿನ ಗುಹ್ಯಾಸ್ಥಿಯಿಂದ ಬೆನ್ನೆಲುಬಿನ ತುದಿಮೂಳೆಯವರೆಗೆ ಹರಡಿಕೊಂಡ ಸ್ನಾಯುಗಳ ಸಮೂಹವೊಂದು, ಮಗುವನ್ನು ಹೊತ್ತ ಜೋಲಿಯ ಹಾಗೆ, ಮೂತ್ರಕೋಶ, ಗರ್ಭಕೋಶ, ಮಲಾಶಯಗಳನ್ನು ಕೆಳಗಿನಿಂದ ಎತ್ತಿ ಹಿಡಿದಿರುವುದಲ್ಲದೆ, ಮೂತ್ರನಾಳವನ್ನು ಬಿಗಿಮಾಡುವ ಕಾರ್ಯದಲ್ಲಿಯೂ ನೆರವಾಗುತ್ತದೆ. ಓಡುವಾಗ ನೆಲವು ಪಾದಕ್ಕೆ ಹಿಂದಿರುಗಿಸುವ ಆಘಾತವು ಮೈತೂಕದ ಮೂರು ನಾಲ್ಕು ಪಟ್ಟು. ಜಿಗಿದಿಳಿಯುವಾಗ ಅದು ಐದರಿಂದ ಹನ್ನೆರಡು ಪಟ್ಟಿಗೇರುವುದು. ಆ ಕ್ಷಣದಲ್ಲಿ ಹೊಟ್ಟೆಯೊಳಗಿನ ಒತ್ತಡವೆಲ್ಲ ಕೆಳಮುಖವಾಗಿ ಮೂತ್ರಕೋಶದ ಮೇಲೆ ಬೀಳುವುದರಿಂದ, ಆ ಸ್ನಾಯುಗಳು ಸಕಾಲದಲ್ಲಿ, ತಕ್ಕ ಬಲದಿಂದ ಬಿಗಿಯದಿದ್ದರೆ ಮೂತ್ರವು ಸೋರದೆ ಇರಲಾರದು. ತೊಡೆಯನ್ನೂ ಹೊಟ್ಟೆಯನ್ನೂ ಉಕ್ಕಿನಂತಾಗಿಸುವ ಅಭ್ಯಾಸವು ಈ ಒಳಸ್ನಾಯುಗಳನ್ನು ತಾನಾಗಿಯೇ ಬಲಪಡಿಸುವುದೆಂದು ತಿಳಿಯಲಾಗದು. ಬಲಿಷ್ಠರಾದ ಕ್ರೀಡಾಪಟುಗಳಿಗೇ ಈ ತೊಂದರೆ ಹೆಚ್ಚಾಗಿರುವುದು ಇದಕ್ಕೆ ಸಾಕ್ಷಿ.

ಬಾಧೆಗಿಂತ ಅದನ್ನು ಮರೆಮಾಚಲು ಹುಡುಗಿಯರು ಹಿಡಿಯುವ ದಾರಿಗಳೇ ನನ್ನನ್ನು ಹೆಚ್ಚು ಕಳವಳಗೊಳಿಸುತ್ತವೆ. ಮೊದಲನೆಯದು ನೀರು ಕುಡಿಯುವುದನ್ನು ಬಿಡುವುದು. ಕಲಬುರಗಿ ರಾಯಚೂರುಗಳ ಬಿಸಿಲಿನಲ್ಲಿ ಗಂಟೆಗಟ್ಟಲೆ ಓಡುವ ಎಳೆಯ ದೇಹವು ನೀರಿಲ್ಲದೆ ಬಳಲುವುದಷ್ಟೇ ಅಲ್ಲ, ಗಾಢವಾದ ಮೂತ್ರವು ಮೂತ್ರಕೋಶವನ್ನು ಕೆರಳಿಸಿ ಅವಸರವನ್ನು ಹೆಚ್ಚಿಸಬಲ್ಲದು. ಉರಿಮೂತ್ರಕ್ಕೂ ಅದು ದಾರಿ. ಶೌಚಾಲಯವಿದ್ದರೂ ಚಿಲಕವಿಲ್ಲದ, ಚಿಲಕವಿದ್ದರೂ ನೀರಿಲ್ಲದ ಮೈದಾನಗಳಲ್ಲಿ ಅಭ್ಯಾಸಕ್ಕಿಳಿಯುವ ಹೆಣ್ಣುಮಕ್ಕಳು ಬೆಳಗಿನಿಂದಲೇ ಬಾಯಾರಿಕೆಯನ್ನು ನುಂಗಿಕೊಳ್ಳುತ್ತಾರೆಂದರೆ ತಪ್ಪು ಅವರದೆನ್ನಲಾದೀತೆ? ಮುಟ್ಟಿನ ದಿನಗಳಿಗಾಗಿ ಇರುವ ಪ್ಯಾಡನ್ನು ನಿತ್ಯವೂ ಧರಿಸಿ, ಅದರ ಖರ್ಚಿಗಾಗಿ ಮನೆಯಲ್ಲಿ ಸುಳ್ಳು ಹೇಳುವವರುಂಟು. ಕಟ್ಟಕಡೆಗೆ ಆಟವನ್ನೇ ತೊರೆಯುವವರುಂಟು.

ಇಷ್ಟೆಲ್ಲ ದುಃಖಕ್ಕೆ ಎಡೆಯಾದ ಈ ತೊಂದರೆಗೆ ಮೊದಲ ಮದ್ದು ವ್ಯಾಯಾಮವೇ. ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ಸ್ನಾಯುಗಳ ವ್ಯಾಯಾಮವನ್ನು ಪ್ರಚುರಪಡಿಸಿದನು. ನಾರ್ವೆಯ ಫಿಸಿಯೋಥೆರಪಿ ತಜ್ಞೆ ಕಾರಿ ಬೋ ಮತ್ತು ಸಹಯೋಗಿಗಳು 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇಂಥ ಬಾಧೆಯುಳ್ಳ ಸ್ತ್ರೀಯರಿಗೆ ವಿದ್ಯುತ್ ಚಿಕಿತ್ಸೆಗಿಂತಲೂ ಈ ವ್ಯಾಯಾಮವೇ ಮೇಲೆಂದು ತೋರಿಬಂದಿತು. ಕ್ರಮವು ಸರಳ: ಮೂತ್ರವನ್ನೂ ಅಪಾನವಾಯುವನ್ನೂ ಒಮ್ಮೆಗೇ ತಡೆಹಿಡಿಯುವವರಂತೆ ಒಳಗಿನ ಸ್ನಾಯುಗಳನ್ನು ಮೇಲಕ್ಕೆಳೆದು, ಉಸಿರನ್ನು ಕಟ್ಟದೆ ಆರೆಂಟು ಸೆಕೆಂಡು ಹಿಡಿದು, ಆಮೇಲೆ ಪೂರ್ಣವಾಗಿ ಸಡಿಲಬಿಡಬೇಕು, ಹೀಗೆ ಎಂಟರಿಂದ ಹನ್ನೆರಡು ಬಾರಿ, ದಿನಕ್ಕೆ ಮೂರಾವರ್ತಿ, ಕಡಿಮೆಯೆಂದರೆ ಮೂರು ತಿಂಗಳು. ಕೆಮ್ಮುವ, ಭಾರವೆತ್ತುವ ಮೊದಲು ಆ ಸ್ನಾಯುಗಳನ್ನು ಬಿಗಿಯುವುದನ್ನು ರೂಢಿಸಿಕೊಳ್ಳಬೇಕು. ಅನೇಕರು ತಿಳಿಯದೆ ಮೇಲೆಳೆಯುವುದಕ್ಕೆ ಬದಲಾಗಿ ಕೆಳಕ್ಕೆ ಮುಕ್ಕುವುದರಿಂದ ಒಮ್ಮೆ ಫಿಸಿಯೋಥೆರಪಿ ಬಲ್ಲವರಿಂದ ತೋರಿಸಿಕೊಳ್ಳುವುದು ಅವಶ್ಯಕ. ಇಲ್ಲಿ ತಾಯಂದಿರ ಒಂದು ಭಯವನ್ನು ನಿವಾರಿಸಬೇಕಾಗಿದೆ: ಇದಕ್ಕಾಗಿ ಅವಿವಾಹಿತ ಕನ್ಯೆಯ ಒಳಪರೀಕ್ಷೆ ನಡೆಯಲೇಬೇಕೆಂಬ ನಿಯಮವಿಲ್ಲ, ಕಿಬ್ಬೊಟ್ಟೆಯ ಮೇಲೆ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಸ್ನಾಯುಗಳು ಮೇಲೇಳುವುದನ್ನು ಪರದೆಯಲ್ಲಿ ಕಾಣಬಹುದು. ಉರಿ, ನೋವು, ರಕ್ತ ಕಂಡರೆ, ಅಥವಾ ಆಟವಿಲ್ಲದಾಗಲೂ ಮೂತ್ರವು ತಡೆಯಿಲ್ಲದೆ ಹೋಗುತ್ತಿದ್ದರೆ ವ್ಯಾಯಾಮವನ್ನೇ ನಂಬಿ ಕೂಡದೆ ವೈದ್ಯರನ್ನು ಕಾಣತಕ್ಕದ್ದು. ಮಲಬದ್ಧತೆಯನ್ನೂ, ಮೈತೂಕದ ಭಯದಿಂದ ಅರೆಹೊಟ್ಟೆಯಲ್ಲಿರುವುದನ್ನೂ ಸರಿಪಡಿಸಬೇಕು. ಕಠಿಣವಾದ ಜಿಗಿತಗಳ ಆಟಗಳಲ್ಲಿ ಇಷ್ಟಾದರೂ ಕೆಲವರಿಗೆ ಸೋರಿಕೆ ಪೂರ್ಣವಾಗಿ ನಿಲ್ಲದಿರಬಹುದು; ಅಂಥವರು ಮೂತ್ರಕ್ಕೆಂದೇ ತಯಾರಾದ ಪ್ಯಾಡನ್ನು ಧರಿಸಿ ಆಡುವುದರಲ್ಲಿ ಲಜ್ಜೆಪಡಬೇಕಾದುದು ಏನೂ ಇಲ್ಲ.

ಆದರೆ ಈ ತಿಳಿವಳಿಕೆಯನ್ನು ಹುಡುಗಿಯ ಬಳಿಗೆ ಕೊಂಡೊಯ್ಯುವವರು ಯಾರು? ತಾನಾಗಿ ಅವಳು ಕೇಳಳು. ಮಾತನ್ನು ಮೊದಲು ಎತ್ತಬೇಕಾದವರು ಹಿರಿಯರು; ನನ್ನ ಅಭಿಪ್ರಾಯದಲ್ಲಿ ಆ ಹೊಣೆ ದೈಹಿಕ ಶಿಕ್ಷಕರದು, ತರಬೇತುದಾರರದು. ಅವರಲ್ಲಿ ಬಹುಮಂದಿ ಗಂಡಸರಾದುದರಿಂದ ಸಂಕೋಚವುಂಟೆನ್ನುವುದು ನಿಜ; ಆ ಸಂಕೋಚವನ್ನು ಬಗೆಹರಿಸಲು ಮುದ್ರಿತವಾದ ಒಂದು ಪ್ರಶ್ನೆ ಸಾಕು. ಮೊಣಕಾಲು ನೋವಿದೆಯೆ, ಉಬ್ಬಸವಿದೆಯೆ ಎಂದು ಕೇಳುವ ಆರೋಗ್ಯಪತ್ರದಲ್ಲಿಯೇ, ಓಡುವಾಗ ಜಿಗಿಯುವಾಗ ಮೂತ್ರ ಸೋರುವುದುಂಟೆ ಎಂಬ ಸಾಲನ್ನೂ ಸೇರಿಸಿದರೆ, ಹುಡುಗಿ ಬಾಯಿ ತೆರೆಯದೆಯೇ ಗುರುತು ಹಾಕಬಲ್ಲಳು. ಒದ್ದೆಯ ಕಲೆ ಎದ್ದು ಕಾಣದ ಉಡುಪೂ ಅವಳ ಅಳುಕನ್ನು ತಗ್ಗಿಸೀತು. ವಿಂಬಲ್ಡನ್ ಟೆನಿಸಿನಂಥ ಸಂಪ್ರದಾಯನಿಷ್ಠ ಸಂಸ್ಥೆಯೇ ಮುಟ್ಟಿನ ಆತಂಕವನ್ನು ಮನಗಂಡು 2023ರಿಂದ ಆಟಗಾರ್ತಿಯರಿಗೆ ಗಾಢವರ್ಣದ ಒಳಚಡ್ಡಿಯನ್ನು ಅನುಮತಿಸಿರುವಾಗ, ನಮ್ಮ ಶಾಲಾ ತಂಡಗಳು ಕಪ್ಪು ಅಥವಾ ಕಡುನೀಲಿ ಚಡ್ಡಿಯನ್ನು ಆರಿಸಿಕೊಳ್ಳುವುದಕ್ಕೆ ಅಡ್ಡಿಯಾದರೂ ಏನು?

ನಮ್ಮ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಜಿಲ್ಲೆಗಳಲ್ಲಿ ನಡೆಸುತ್ತಿರುವ ಕ್ರೀಡಾ ವಸತಿನಿಲಯಗಳಲ್ಲಿ ಈ ಕಾರ್ಯವನ್ನು ಆರಂಭಿಸುವುದು ಸುಲಭಸಾಧ್ಯ. ಪ್ರವೇಶದ ವೇಳೆಯ ಪತ್ರದಲ್ಲಿ ಆ ಒಂದು ಸಾಲು, ವರ್ಷಕ್ಕೆರಡು ಬಾರಿ ಸ್ತ್ರೀ ಫಿಸಿಯೋಥೆರಪಿಸ್ಟರ ಭೇಟಿ, ಬೆಳಗಿನ ಅಂಗಸಾಧನೆಯ ಕೊನೆಯಲ್ಲಿ ಈ ಸ್ನಾಯುಗಳಿಗೆಂದು ಐದು ನಿಮಿಷ, ಮತ್ತು ಅಭ್ಯಾಸದ ಮೈದಾನದ ಪಕ್ಕದಲ್ಲಿ ಚಿಲಕವೂ ನೀರೂ ಇರುವ ಶೌಚಗೃಹ: ಇವನ್ನು ಮುಂದಿನ ಪ್ರವೇಶಕಾಲದೊಳಗಾಗಿ ಏರ್ಪಡಿಸಬೇಕೆಂದು ಇಲಾಖೆಯ ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.