ಪರೀಕ್ಷೆ ಬರೆಯಬೇಕಾದ್ದು ಡೇಟಾಬೇಸು, ಬರೆಸಬೇಕಾದವರು ನಾವು

ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ವಿಭಾಗಗಳಿಗೆ ಆಗಾಗ ಒಂದು ಸುತ್ತೋಲೆ ಬರುವುದುಂಟು. ಇಂಥ ಪ್ರಕಾಶಕರ ಹೊಸ ಡೇಟಾಬೇಸು ಒಂದು ತಿಂಗಳು ಉಚಿತವಾಗಿ ಸಿಗಲಿದೆ, ಅಧ್ಯಾಪಕರೂ ಸಂಶೋಧನಾ ವಿದ್ಯಾರ್ಥಿಗಳೂ ಬಳಸಿ ನೋಡಿ ಅಭಿಪ್ರಾಯ ತಿಳಿಸಬೇಕು ಎಂದು ಅದರ ಒಕ್ಕಣೆ. ಗ್ರಂಥಾಲಯದವರ ಮಾತಿನಲ್ಲಿ ಇದು ‘ಟ್ರಯಲ್’. ಸುತ್ತೋಲೆಗೆ ಮುಖ್ಯಸ್ಥರ ಸಹಿ ಬೀಳುತ್ತದೆ, ನೋಟಿಸ್ ಬೋರ್ಡಿಗೆ ಏರುತ್ತದೆ, ವಾಟ್ಸ್‌ಆ್ಯಪ್ ಗುಂಪಿಗೂ ಹೋಗುತ್ತದೆ. ತಿಂಗಳು ಕಳೆದ ಮೇಲೆ ಗ್ರಂಥಪಾಲಕರ ಕೈಗೆ ಬಂದು ಸೇರುವ ಅಭಿಪ್ರಾಯಗಳು ಬೆರಳೆಣಿಕೆಯಷ್ಟು. ಅವುಗಳಲ್ಲೂ ಹೆಚ್ಚಿನವು ‘ಚೆನ್ನಾಗಿದೆ, ಉಪಯುಕ್ತವಾಗಿದೆ’ ಎಂಬಲ್ಲಿಗೆ ಮುಗಿಯುತ್ತವೆ. ಲಕ್ಷಗಟ್ಟಲೆ ರೂಪಾಯಿಯ ಚಂದಾ ಕಟ್ಟಬೇಕೇ ಬೇಡವೇ ಎಂಬುದನ್ನು ಗ್ರಂಥಾಲಯ ಸಮಿತಿ ಇಷ್ಟನ್ನೇ ಇಟ್ಟುಕೊಂಡು ತೀರ್ಮಾನಿಸಬೇಕಾಗುತ್ತದೆ.

ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡದೆ ಹಗ್ಗಕ್ಕೆ ಕೈ ಹಾಕುವುದಿಲ್ಲ. ಸಾರ್ವಜನಿಕ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯಗಳು ಅಷ್ಟಾದರೂ ಎಚ್ಚರ ತೋರಬೇಕು. ಅದರಲ್ಲೂ ಈಗ ತೋರಲೇಬೇಕು, ಏಕೆಂದರೆ ಕಳೆದ ಒಂದೆರಡು ವರ್ಷಗಳಲ್ಲಿ ಗ್ರಂಥಾಲಯಗಳ ಲೆಕ್ಕಾಚಾರವೇ ಬದಲಾಗಿದೆ.

2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026, 2027 ಈ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. ಮೂವತ್ತು ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು, ಸುಮಾರು 1.8 ಕೋಟಿ ಓದುಗರು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲ ಕೇಂದ್ರ ಇದನ್ನು ನಡೆಸುತ್ತಿದೆ. ಎಲ್ಸವಿಯರ್, ಸ್ಪ್ರಿಂಗರ್ ನೇಚರ್, ವೈಲಿಯಂಥ ದುಬಾರಿ ಪ್ರಕಾಶಕರೆಲ್ಲ ಈ ಪಟ್ಟಿಯಲ್ಲಿದ್ದಾರೆ. ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಪತ್ರಿಕೆಗಳನ್ನು ಇಂದು ದೂರದ ಜಿಲ್ಲೆಯ ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೂ ತೆರೆದು ಓದಬಹುದು. ಇದು ಸಣ್ಣ ಸಂಗತಿಯೇನಲ್ಲ.

ಆದರೆ ಈ ಯೋಜನೆ ಕೊಳ್ಳುವುದು ಜರ್ನಲ್‌ಗಳನ್ನು ಮಾತ್ರ. ಹಳೆಯ ಪತ್ರಿಕೆಗಳ ಸಂಗ್ರಹ, ವಸಾಹತು ಕಾಲದ ಕಡತಗಳು, ಇ-ಪುಸ್ತಕಗಳ ಗುಚ್ಛ, ಕೋಶಗಳು, ಅಂಕಿಅಂಶಗಳ ಭಂಡಾರ, ಇವೆಲ್ಲ ಅದರಾಚೆಗೆ ಉಳಿಯುತ್ತವೆ. ಇತಿಹಾಸ, ಭಾಷೆ, ಸಾಹಿತ್ಯ, ಸಮಾಜಶಾಸ್ತ್ರದವರಿಗೆ ದಿನನಿತ್ಯ ಬೇಕಾಗುವುದು ಇವೇ. ಜರ್ನಲ್ ಚಂದಾಕ್ಕೆ ಹೋಗುತ್ತಿದ್ದ ಹಣದಲ್ಲಿ ಒಂದಿಷ್ಟು ಈಗ ವಿಶ್ವವಿದ್ಯಾಲಯಗಳ ಕೈಯಲ್ಲಿ ಉಳಿಯಬೇಕು. ಆ ಹಣವನ್ನು ಯಾವುದಕ್ಕೆ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಜಾಗವೇ ಟ್ರಯಲ್.

ಹಾಗಾಗಿ ಟ್ರಯಲ್‌ಗೆ ಒಪ್ಪುವ ಮುನ್ನ ಗ್ರಂಥಾಲಯ ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಈ ಡೇಟಾಬೇಸಿನಲ್ಲಿ ಇರುವುದರಲ್ಲಿ ಎಷ್ಟು ಭಾಗ ನಮಗೆ ಈಗಾಗಲೇ ಸಿಗುತ್ತಿದೆ? ರಾಷ್ಟ್ರೀಯ ಪಟ್ಟಿಯಲ್ಲಿರುವ ಜರ್ನಲ್‌ಗಳನ್ನೇ ಇನ್ನೊಂದು ಗುಚ್ಛದಲ್ಲಿ ಸೇರಿಸಿ ಮಾರುವುದು ಈ ವ್ಯಾಪಾರದಲ್ಲಿ ಹೊಸದಲ್ಲ. ಎಲ್ಲರಿಗೂ ಮುಕ್ತವಾಗಿರುವ ಸಾಮಗ್ರಿಯೂ ಬೇಕಾದಷ್ಟಿದೆ. ಜೆಸ್ಟೋರ್ ವೇದಿಕೆಯಲ್ಲಿರುವ ‘ಸೌತ್ ಏಷ್ಯಾ ಓಪನ್ ಆರ್ಕೈವ್ಸ್’ ದಕ್ಷಿಣ ಏಷ್ಯಾದ ಹಳೆಯ ವರದಿಗಳನ್ನೂ ಪತ್ರಿಕೆಗಳನ್ನೂ ಬಿಟ್ಟಿಯಾಗಿ ಕೊಡುತ್ತದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ನಲ್ಲಿ ಮಲಯಾಳಂ ಜೊತೆಗೆ ಕನ್ನಡ, ತುಳು ಕೃತಿಗಳೂ ಇವೆ. ಇನ್‌ಫ್ಲಿಬ್‌ನೆಟ್ಟಿನ ಶೋಧಗಂಗಾದಲ್ಲಿ ಐದು ಲಕ್ಷಕ್ಕೂ ಹೆಚ್ಚು ಪಿಎಚ್‌.ಡಿ. ಪ್ರಬಂಧಗಳಿವೆ. ಇವುಗಳನ್ನು ತೋರಿಸಿಕೊಡದೆ ದುಡ್ಡು ಕೊಟ್ಟು ಕೊಳ್ಳುವ ಮಾತಾಡುವುದು ಓದುಗರಿಗೂ ಬೊಕ್ಕಸಕ್ಕೂ ಮಾಡುವ ಅನ್ಯಾಯ.

ಇನ್ನು ಪರೀಕ್ಷೆಯ ಮಾತು. ಡೇಟಾಬೇಸು ಮಾರಲು ಬರುವ ಪ್ರತಿನಿಧಿ ತೋರಿಸುವ ಉದಾಹರಣೆಗಳು ಆತ ಆರಿಸಿಕೊಂಡು ತಂದವು. ‘ಕ್ಲೈಮೇಟ್ ಚೇಂಜ್’ ಎಂದು ಹುಡುಕಿದರೆ ಯಾವ ಡೇಟಾಬೇಸು ತಾನೇ ಸಾವಿರ ಫಲಿತಾಂಶ ಕೊಡುವುದಿಲ್ಲ? ನಮ್ಮ ವಿದ್ಯಾರ್ಥಿ ತನ್ನ ಪಿಎಚ್‌.ಡಿ.ಯ ನಿಜವಾದ ಪ್ರಶ್ನೆಯನ್ನೇ ಅದರ ಮುಂದಿಡಬೇಕು. ವಚನಕಾರರ ಮೇಲೆ ಕೆಲಸ ಮಾಡುವವರು ಬಸವಣ್ಣನನ್ನು ಹುಡುಕಲಿ. ರೋಮನ್ ಲಿಪಿಯಲ್ಲಿ ಈ ಹೆಸರಿಗೆ ಒಂದೇ ರೂಪವಿಲ್ಲ. ಬಸವ, ಬಸವಣ್ಣ, ಬಸವೇಶ್ವರ ಎಂಬ ಮೂರು ಹೆಸರು. ಕೊನೆಯದರಲ್ಲಿ ಶಕಾರಕ್ಕೆ ಎಸ್ ಜೊತೆ ಎಚ್ ಸೇರಿಸುವವರು ಕೆಲವರು, ಎಸ್ ಮೇಲೆ ಗೆರೆ ಎಳೆಯುವವರು ಕೆಲವರು, ಬರೀ ಎಸ್ ಬರೆದು ಬಿಡುವವರು ಕೆಲವರು. ಒಂದು ರೂಪ ಕೊಟ್ಟರೆ ಉಳಿದವನ್ನೂ ಎಳೆದು ತರುವ ಡೇಟಾಬೇಸು ಒಳ್ಳೆಯದು. ತರದಿದ್ದರೆ ನಮ್ಮ ವಿದ್ಯಾರ್ಥಿ ತನಗೆ ಸಿಕ್ಕಿದ್ದೇ ಎಲ್ಲ ಎಂದುಕೊಂಡು ಅರ್ಧ ವಿದ್ವತ್ತನ್ನು ಕಾಣದೆಯೇ ಪ್ರಬಂಧ ಬರೆದು ಮುಗಿಸುತ್ತಾನೆ.

ಊರುಗಳ ಹೆಸರಲ್ಲಿ ತೊಡಕು ಇನ್ನೂ ಹೆಚ್ಚು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ನಾಡಿನವರಿಗೆ ಅದು ಸರಿಯಾದ ಹೆಸರೇ, ನನಗೂ ಸಂತೋಷವೇ. ಆದರೆ ಅದಕ್ಕೂ ಹಿಂದಿನ ನೂರಕ್ಕೂ ಹೆಚ್ಚು ವರ್ಷಗಳ ಗೆಜೆಟಿಯರು, ಜನಗಣತಿ ವರದಿ, ಲೇಖನಗಳೆಲ್ಲ ಹಳೆಯ ಹೆಸರಿನಲ್ಲೇ ಇವೆ. ಬ್ರಿಟಿಷರ ಕಡತಗಳಲ್ಲಿ ಧಾರವಾಡದ ಕೊನೆಯ ಅಕ್ಷರ ‘ರ್’. ಕಲಬುರಗಿ ಎಂದು ಹುಡುಕಿದವರಿಗೆ ಗುಲ್ಬರ್ಗದ ದಾಖಲೆಗಳು ಸಿಗುತ್ತವೆಯೇ? ಟ್ರಯಲ್‌ನ ಮೊದಲ ದಿನವೇ ಇದನ್ನು ನೋಡಬೇಕು. ಸಿಗದಿದ್ದರೆ ಪ್ರಕಾಶಕರಿಗೆ ಆ ಕೊರತೆಯನ್ನು ಲಿಖಿತವಾಗಿ ತಿಳಿಸಬೇಕು. ಚಂದಾ ಕಟ್ಟುವ ಮುನ್ನ ಹೇಳಿದರೆ ಅವರು ಕಿವಿಗೊಡುತ್ತಾರೆ, ಕಟ್ಟಿದ ಮೇಲೆ ಕಾಯಿಸುತ್ತಾರೆ.

ಕನ್ನಡ ಲಿಪಿಯಲ್ಲೇ ಇರುವ ಸಾಮಗ್ರಿಗೆ ಇನ್ನೂ ಗಟ್ಟಿ ಪರೀಕ್ಷೆ ಬೇಕು. ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಇಟ್ಟ ಮಾತ್ರಕ್ಕೆ ಅದು ಹುಡುಕಲು ಬರುವ ಪಠ್ಯವಾಗುವುದಿಲ್ಲ. ಯಂತ್ರ ಆ ಚಿತ್ರದಿಂದ ಅಕ್ಷರಗಳನ್ನು ಗುರುತಿಸಬೇಕು. ಹಳೆಯ ಅಚ್ಚುಮೊಳೆಯ ಪುಟಗಳಲ್ಲಿ ಒತ್ತಕ್ಷರಗಳು ಮಸುಕಾಗಿರುತ್ತವೆ, ಹಳಗನ್ನಡದ ಱ, ೞ ಬಂದಲ್ಲಿ ಯಂತ್ರ ಮುಗ್ಗರಿಸುತ್ತದೆ. ಯೂನಿಕೋಡ್ ಬರುವ ಮೊದಲು ಡಿಟಿಪಿ ಮಾಡಿದ ಪುಸ್ತಕಗಳದು ಇನ್ನೊಂದು ಸಂಕಟ. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ, ನಕಲು ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಉದುರುತ್ತವೆ. ಶೋಧಗಂಗಾದಲ್ಲಿರುವ ಕನ್ನಡ ಪ್ರಬಂಧಗಳನ್ನು ತೆರೆದವರಿಗೆ ಇದರ ಅನುಭವ ಆಗಿರುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಶಾಸನಪಾಠ ಕನ್ನಡ ಲಿಪಿಯಲ್ಲೂ ರೋಮನ್ನಿನಲ್ಲೂ ಇದೆ, ಜೊತೆಗೆ ಇಂಗ್ಲಿಷ್ ಅನುವಾದವೂ ಇದೆ. ಒಂದು ಶಾಸನದ ಊರಿನ ಹೆಸರನ್ನು ಮೂರೂ ಬಗೆಯಲ್ಲಿ ಹುಡುಕಿ ನೋಡಿದರೆ ಆ ಡಿಜಿಟಲ್ ಸಂಗ್ರಹದ ಯೋಗ್ಯತೆ ತಿಳಿದುಹೋಗುತ್ತದೆ.

ಈಚೆಗೆ ಟ್ರಯಲ್‌ಗೆ ಬರುವ ಸಾಧನಗಳಲ್ಲಿ ಕೃತಕ ಬುದ್ಧಿಮತ್ತೆಯವೂ ಸೇರಿವೆ. ಲೇಖನಗಳ ಸಾರಾಂಶ, ಉಲ್ಲೇಖಗಳ ಡೇಟಾಬೇಸಾದ ಸ್ಕೋಪಸ್ಸಿನ ‘ಸ್ಕೋಪಸ್ ಎಐ’ 2024ರ ಜನವರಿಯಲ್ಲಿ ಬಂತು, ಅದೇ ವರ್ಷ ಅಂಥದೇ ಡೇಟಾಬೇಸಾದ ವೆಬ್ ಆಫ್ ಸೈನ್ಸ್ ಕೂಡ ತನ್ನದೊಂದು ಸಹಾಯಕವನ್ನು ತಂದಿತು. ಇಂಥ ಸಾಧನಗಳನ್ನು ಪರೀಕ್ಷಿಸಬೇಕಾದವರು ಆ ವಿಷಯದಲ್ಲಿ ಹಣ್ಣಾದ ಹಿರಿಯ ಅಧ್ಯಾಪಕರು, ಈ ವರ್ಷ ನೋಂದಾಯಿಸಿಕೊಂಡ ವಿದ್ಯಾರ್ಥಿಯಲ್ಲ. ತಾವು ಹತ್ತು ವರ್ಷ ಓದಿದ ವಿಷಯವನ್ನೇ ಕೇಳಬೇಕು. ಅದು ಕೊಡುವ ಪ್ರತಿಯೊಂದು ಆಕರವನ್ನೂ ತೆರೆದು, ಹೇಳಿದ್ದು ಅಲ್ಲಿದೆಯೇ ಎಂದು ನೋಡಬೇಕು. ಸ್ಕೋಪಸ್ ಎಐ ಉತ್ತರ ಕಟ್ಟುವುದು ಲೇಖನಗಳ ಸಾರಾಂಶಗಳಿಂದ. ಕನ್ನಡದ ದೊಡ್ಡ ವಿದ್ವತ್ತೆಲ್ಲ ಪುಸ್ತಕಗಳಲ್ಲೂ ಕನ್ನಡ ಪತ್ರಿಕೆಗಳಲ್ಲೂ ಇರುವಾಗ ಆ ಉತ್ತರಗಳಲ್ಲಿ ನಮ್ಮವರು ಬರಲು ದಾರಿಯೇ ಇಲ್ಲ. ಇದನ್ನು ತಿಳಿದು ಬಳಸಿದರೆ ಕೆಡುಕಿಲ್ಲ, ತಿಳಿಯದೆ ನೆಚ್ಚಿಕೊಂಡರೆ ಮುಂದಿನ ತಲೆಮಾರಿನ ಸಂಶೋಧನೆಯೇ ಬಡವಾಗುತ್ತದೆ.

ಟ್ರಯಲ್ ಯಾವಾಗ, ಎಲ್ಲಿ ನಡೆಯುತ್ತದೆ ಎಂಬುದರಲ್ಲೂ ನ್ಯಾಯದ ಪ್ರಶ್ನೆ ಇದೆ. ಬಹುಪಾಲು ಟ್ರಯಲ್‌ಗಳು ಕ್ಯಾಂಪಸ್ಸಿನ ಐಪಿ ವಿಳಾಸಕ್ಕೆ ಕಟ್ಟುಬಿದ್ದಿರುತ್ತವೆ, ಗೇಟಿನಾಚೆ ತೆರೆಯುವುದಿಲ್ಲ. ಹಗಲೆಲ್ಲ ಕಾಲೇಜಿನಲ್ಲಿ ಪಾಠ ಮಾಡಿ ರಾತ್ರಿ ಪಿಎಚ್‌.ಡಿ. ಬರೆಯುವ ಅತಿಥಿ ಉಪನ್ಯಾಸಕ, ಎಳೆಯ ಮಗುವಿರುವ ತಾಯಿ, ದೂರದ ತಾಲ್ಲೂಕಿನಿಂದ ವಾರಕ್ಕೊಮ್ಮೆ ಬರುವ ವಿದ್ಯಾರ್ಥಿನಿ, ಇವರಿಗೆ ಅದು ಇದ್ದೂ ಇಲ್ಲದಂತೆ. ಇನ್‌ಫ್ಲಿಬ್‌ನೆಟ್ಟಿನ ಇನ್‌ಫೆಡ್ ಮೂಲಕ ಮನೆಯಿಂದಲೇ ಲಾಗಿನ್ ಆಗುವ ವ್ಯವಸ್ಥೆ ಇದೆ. ಟ್ರಯಲ್‌ಗೂ ಅದು ಬೇಕು ಎಂದು ಗ್ರಂಥಾಲಯ ಪ್ರಕಾಶಕರನ್ನು ಕೇಳಲೇಬೇಕು. ಪರೀಕ್ಷೆ, ಮೌಲ್ಯಮಾಪನಗಳ ನಡುವೆಯೋ ಆರ್ಥಿಕ ವರ್ಷ ಮುಗಿಯುವ ಮಾರ್ಚಿನ ಗಡಿಬಿಡಿಯಲ್ಲೋ ಟ್ರಯಲ್ ಇಟ್ಟರೆ ಯಾರೂ ನೋಡುವುದಿಲ್ಲ. ಆಮೇಲೆ ‘ಬಳಕೆ ಇಲ್ಲ’ ಎಂದು ಷರಾ ಬರೆದು ಕೈಬಿಡುವುದು ತಪ್ಪು.

ಬಳಕೆಯ ಲೆಕ್ಕವನ್ನು ಓದುವುದಕ್ಕೂ ವಿವೇಕ ಬೇಕು. ಪ್ರಕಾಶಕರು ಕೊಡುವ ಅಂಕಿಗಳಿಗೆ ‘ಕೌಂಟರ್’ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಯಾವುದನ್ನು ಎಷ್ಟು ಸಲ ತೆರೆದರು ಎಂಬುದರ ಜೊತೆಗೆ, ಹಕ್ಕಿಲ್ಲದ್ದರಿಂದ ಎಷ್ಟು ಸಲ ಹಿಂದಕ್ಕೆ ಕಳುಹಿಸಲಾಯಿತು ಎಂಬುದನ್ನೂ ಅದು ದಾಖಲಿಸುತ್ತದೆ. ಈ ಎರಡನೆಯ ಅಂಕಿಯೇ ನನಗೆ ಹೆಚ್ಚು ಮುಖ್ಯ. ಬಾಗಿಲವರೆಗೆ ಬಂದು ಹಿಂದಿರುಗಿದ ಓದುಗನ ಹಸಿವು ಕಾಣುವುದು ಅಲ್ಲೇ. ರಸಾಯನಶಾಸ್ತ್ರದ ಇಡೀ ವಿಭಾಗ ದಿನವೂ ಬಳಸುವ ಸಂಗ್ರಹವನ್ನೂ ಒಬ್ಬ ಇತಿಹಾಸಕಾರ ಮೂರು ತಿಂಗಳು ಮುಳುಗಿ ಕೂರುವ ದಾಖಲೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಎನ್ನುತ್ತದೆ. ಅವರು 1957ರಿಂದ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ಸಂಶೋಧನಾ ಮತ್ತು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ಕಣ್ಣುಮುಚ್ಚಿದರು. ಅವರು ಬಾಳಿದ ರಾಜ್ಯದ ಗ್ರಂಥಾಲಯಗಳು ಟ್ರಯಲ್‌ನ ವರದಿಯಲ್ಲಿ ಒಂದು ಕಾಲಂ ಸೇರಿಸಲಿ: ಕೆಲಸಕ್ಕೆ ಬರುವ ಮೊದಲ ದಾಖಲೆ ಕೈಗೆ ಸಿಗಲು ಎಷ್ಟು ಹೊತ್ತು ಹಿಡಿಯಿತು?

ಚಂದಾ ನಿಲ್ಲಿಸಿದ ಮರುದಿನ ಏನಾಗುತ್ತದೆ ಎಂಬುದನ್ನೂ ಕೊಳ್ಳುವ ಮೊದಲೇ ಕೇಳಬೇಕು. ಕಪಾಟಿನ ಮುದ್ರಿತ ಸಂಪುಟ ಚಂದಾ ನಿಂತರೂ ಉಳಿಯುತ್ತದೆ. ಒಪ್ಪಂದದಲ್ಲಿ ಶಾಶ್ವತ ಹಕ್ಕು ಬರೆದಿರದಿದ್ದರೆ ಡಿಜಿಟಲ್ ಸಂಗ್ರಹ ಅಂದೇ ಮುಚ್ಚುತ್ತದೆ, ದುಡ್ಡು ಕಟ್ಟಿದ ವರ್ಷಗಳದ್ದೂ ಸೇರಿ. ಹತ್ತು ಕ್ಯಾಂಪಸ್ಸುಗಳ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರಲ್ಲಿ ಎಲ್ಸವಿಯರ್ ಜೊತೆಗಿನ ಮಾತುಕತೆ ಮುರಿದು ಎದ್ದುಬಂತು, ಸುಮಾರು ಎರಡು ವರ್ಷ ಹೊಸ ಲೇಖನಗಳಿಲ್ಲದೆ ತಾಳಿಕೊಂಡು 2021ರಲ್ಲಿ ತನಗೆ ಒಪ್ಪುವ ಕರಾರು ಮಾಡಿಕೊಂಡಿತು. ಹತ್ತೂ ಕ್ಯಾಂಪಸ್ಸುಗಳು ಒಟ್ಟಿಗೆ ನಿಂತದ್ದರಿಂದ ಅದು ಸಾಧ್ಯವಾಯಿತು. ನಮ್ಮಲ್ಲೂ ಒಟ್ಟಾಗಿ ಕೊಳ್ಳುವ ಅಭ್ಯಾಸ ಹೊಸದಲ್ಲ. ವೈದ್ಯಕೀಯ ಕಾಲೇಜುಗಳಿಗಾಗಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಹೆಲಿನೆಟ್ ಎಂಬ ಒಕ್ಕೂಟ ಕಟ್ಟಿತು, ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕನ್ಸಾರ್ಟಿಯಂ ಇದೆ. ಮಾನವಿಕ ವಿಷಯಗಳಿಗೂ ಅಂಥದ್ದೊಂದು ಬೇಕು. ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರು, ಕುವೆಂಪು ವಿಶ್ವವಿದ್ಯಾಲಯಗಳೂ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಒಟ್ಟಿಗೆ ಟ್ರಯಲ್ ನಡೆಸಿ ಫಲಿತಾಂಶವನ್ನು ಬಹಿರಂಗವಾಗಿ ಪ್ರಕಟಿಸಬೇಕು.

ಪರೀಕ್ಷಿಸಿದ ಯಾವ ಡೇಟಾಬೇಸೂ ನಮಗೆ ಬೇಕಾದ್ದನ್ನು ಕೊಡುವುದಿಲ್ಲ ಎಂದು ಕಂಡರೆ, ಆ ಹಣವನ್ನು ನಮ್ಮದೇ ಸಂಪತ್ತಿಗೆ ಹಾಕೋಣ. 1919ರಲ್ಲಿ ಶುರುವಾದ ವಿದ್ವತ್ಪತ್ರಿಕೆ ‘ಪ್ರಬುದ್ಧ ಕರ್ನಾಟಕ’, ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ ಇವುಗಳ ಎಲ್ಲ ಸಂಚಿಕೆಗಳೂ ಯೂನಿಕೋಡ್ ಪಠ್ಯವಾಗಿ, ಲೇಖಕ ಮತ್ತು ವಿಷಯದ ಸೂಚಿಯೊಂದಿಗೆ, ಯಾರು ಬೇಕಾದರೂ ಹುಡುಕುವಂತೆ ಇದ್ದರೆ ಕನ್ನಡ ಸಂಶೋಧನೆಯ ಮಟ್ಟವೇ ಏರುತ್ತದೆ. ಹೊರಗಿನ ಯಾವ ಕಂಪನಿಯೂ ಇದನ್ನು ಮಾಡಿ ಮಾರಲು ಬರುವುದಿಲ್ಲ.

ರಾಷ್ಟ್ರೀಯ ಯೋಜನೆಯ ಈ ಸುತ್ತು 2027ರ ಡಿಸೆಂಬರಿಗೆ ಮುಗಿಯುತ್ತದೆ. ಮುಂದಿನ ಪಟ್ಟಿಯಲ್ಲಿ ಭಾರತೀಯ ಭಾಷೆಗಳ ಸಾಮಗ್ರಿಗೂ ಮಾನವಿಕ ದಾಖಲೆಗಳಿಗೂ ಜಾಗ ಬೇಕೆಂದು ಕೇಳುವವರ ಕೈಯಲ್ಲಿ ಪುರಾವೆ ಇರಬೇಕು. ಆದ್ದರಿಂದ ಸಂಶೋಧಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ: ಟ್ರಯಲ್ ಬಂದಾಗಲೆಲ್ಲ ಏನನ್ನು ಹುಡುಕಿದಿರಿ, ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಒಂದು ಪುಟ ಬರೆದು ನಿಮ್ಮ ಗ್ರಂಥಪಾಲಕರ ಕೈಗೆ ಕೊಡಿ.