ನಂಬರ್ ಹೇಳಿ ಎಂದರೆ ಹೇಳಲೇಬೇಕೆ?



ಸಂಬಳದ ವಾರ ನಮ್ಮ ಲೈನ್‌ಗಳಿಂದ ಗೂಡಲೂರು, ಕೂನೂರು, ಕೋತಗಿರಿ ಪೇಟೆಗಳ ದೊಡ್ಡ ಅಂಗಡಿಗಳಿಗೆ ಹೋಗುವವರು ಈಗ ಅನೇಕರು. ಸಾಮಾನು ಆರಿಸಿ ಬಿಲ್ ಮೇಜಿನ ಮುಂದೆ ನಿಂತ ಕೂಡಲೇ, ದುಡ್ಡಿನ ಮಾತಿಗೂ ಮೊದಲು, "ಮೊಬೈಲ್ ನಂಬರ್ ಹೇಳಿ" ಎನ್ನುತ್ತಾರೆ. ಹೇಳದಿದ್ದರೆ ಬಿಲ್ಲೇ ಆಗದೆಂದು ತಿಳಿದು ನಮ್ಮವರು ಹೇಳಿಬಿಡುತ್ತಾರೆ. ಹಾಗೆ ಹೇಳಲೇಬೇಕೆಂಬ ಕಾನೂನು ಇಲ್ಲ. ಆದುದರಿಂದ ಏನು ಕೊಟ್ಟು ಏನು ಪಡೆಯುತ್ತೇವೆಂದು ಮೊದಲು ಲೆಕ್ಕ ಹಾಕೋಣ.

ಪಡೆಯುವುದು ಪಾಯಿಂಟು. ನೂರು ರೂಪಾಯಿ ವ್ಯಾಪಾರಕ್ಕೆ ಒಂದು ಪಾಯಿಂಟು, ಒಂದು ಪಾಯಿಂಟಿಗೆ ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 2,000 ರೂಪಾಯಿ ಸಾಮಾನು ಕೊಳ್ಳುವ ಮನೆಗೆ ವರ್ಷಕ್ಕೆ 240 ರೂಪಾಯಿ ಸಿಕ್ಕೀತು. ಅದನ್ನೂ ಅದೇ ಅಂಗಡಿಯಲ್ಲಿ, ಅವರು ಹೇಳಿದ ವಾಯಿದೆಯೊಳಗೆ ಖರ್ಚು ಮಾಡಬೇಕು. ಕೂಲಿಯಿಂದ ಬದುಕುವ ಮನೆಗೆ 240 ರೂಪಾಯಿ ಸಣ್ಣದೆಂದು ನಾನು ಹೇಳಲಾರೆ.

ಆದರೆ ಕೊಡುವುದೇನು? ಪ್ರತಿಯೊಂದು ಬಿಲ್ಲೂ ಆ ನಂಬರಿನ ಕೆಳಗೆ ಸೇರುತ್ತಾ ಹೋಗುತ್ತದೆ. ಮಗುವಿನ ಹಾಲುಪುಡಿ, ಸಕ್ಕರೆ ಕಾಯಿಲೆಯ ಮಾತ್ರೆ, ಹೆಂಗಸರ ಪ್ಯಾಡ್, ಸಂಬಳದ ವಾರ ಎಷ್ಟು ಅಕ್ಕಿ, ತಿಂಗಳ ಕೊನೆಗೆ ಎಷ್ಟು ಅಕ್ಕಿ, ಎಲ್ಲವೂ ತಾರೀಖು ಸಮೇತ ಉಳಿಯುತ್ತವೆ. ಒಂದು ವರ್ಷದ ಬಿಲ್ ಓದಿದವನಿಗೆ ಆ ಮನೆಯ ಕಾಯಿಲೆ, ಬಸುರಿ ಬಾಣಂತನ, ಕೈ ಬಿಗಿಯಾದ ದಿನಗಳು ಎಲ್ಲವೂ ತಿಳಿಯುತ್ತವೆ. ಇನ್ನೊಂದು ಮಾತು. ನಮ್ಮ ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನು. ಅಕ್ಕ ಕೊಂಡದ್ದರ ಮೆಸೇಜು ಭಾವನ ಕೈಗೆ, ಮಗಳು ಕೊಂಡದ್ದರದು ಅಪ್ಪನ ಕೈಗೆ ಹೋಗುತ್ತದೆ. ಕೆಲವು ಅಂಗಡಿಗಳು ಪೂರಾ ಬಿಲ್ಲನ್ನೇ ಕಳಿಸುತ್ತವೆ.

"ನಮ್ಮ ಲೈನಿನ ಅಂಗಡಿಯವನೂ ಸಾಲದ ಪುಸ್ತಕದಲ್ಲಿ ಎಲ್ಲ ಬರೆಯುತ್ತಾನಲ್ಲ" ಎಂದು ಕೇಳುವವರಿದ್ದಾರೆ. ಬರೆಯುತ್ತಾನೆ ನಿಜ. ಆದರೆ ಆ ಪುಸ್ತಕ ಅವನ ಪೆಟ್ಟಿಗೆಯಲ್ಲಿದೆ, ಅವನು ನಮ್ಮ ನಡುವೆ ಇದ್ದಾನೆ, ತಪ್ಪು ಬರೆದರೆ ಪುಟ ತೆರೆಸಿ ಕೇಳಬಹುದು. ಚೆಕ್‌ರೋಲಿನಲ್ಲಿ ಒಂದು ಹಾಜರಿ ಬಿಟ್ಟುಹೋದರೂ ನಾವು ಹೋಗಿ ಕೇಳುವುದಿಲ್ಲವೆ? ದೊಡ್ಡ ಅಂಗಡಿಯ ಲೆಕ್ಕ ಎಲ್ಲಿದೆ, ಯಾರು ಓದುತ್ತಾರೆ, ಯಾರಿಗೆ ಕೊಡುತ್ತಾರೆ ಎಂಬುದನ್ನು ಬಿಲ್ ಹಾಕುವ ಹುಡುಗಿಯೂ ತಿಳಿಯಳು. ಅವಳೂ ನಮ್ಮ ಹಾಗೆ ಸಂಬಳಕ್ಕೆ ದುಡಿಯುವವಳು. ಅವಳ ಮೇಲೆ ಸಿಟ್ಟು ಮಾಡಬಾರದು.

ಕೊಂಡಷ್ಟಕ್ಕೆ ಲಾಭ ಹಂಚುವುದು ಮೂಲತಃ ದುಡಿಯುವವರದೇ ಪದ್ಧತಿ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ನೇಕಾರರೇ ಮೊದಲಾದ 28 ಮಂದಿ ಸೇರಿ ಸಹಕಾರಿ ಅಂಗಡಿ ತೆರೆದರು. ಯಾರು ಎಷ್ಟು ಕೊಂಡರೋ ಅಷ್ಟಕ್ಕೆ ತಕ್ಕಂತೆ ಲಾಭ ಹಂಚಿದರು. ಅಲ್ಲಿ ಅಂಗಡಿಯೂ ಲೆಕ್ಕವೂ ಸದಸ್ಯರದೇ. ಅದೇ ದೇಶದಲ್ಲಿ 1995ರಲ್ಲಿ ಟೆಸ್ಕೊ ಎಂಬ ಅಂಗಡಿ ಕಂಪನಿ ಕ್ಲಬ್‌ಕಾರ್ಡ್ ತಂದಿತು. ಗಿರಾಕಿಗಳ ಲೆಕ್ಕ ಓದಲು ಡನ್‌ಹಂಬಿ ಎಂಬ ಬೇರೊಂದು ಕಂಪನಿಯನ್ನು ಹಚ್ಚಿತು. ಅದರಿಂದ ತಿಳಿದದ್ದನ್ನು ಸಾಮಾನು ತಯಾರಿಸುವವರಿಗೂ ಮಾರಲಾಯಿತು. ಅಲ್ಲಿ ಪಾಯಿಂಟು ಗಿರಾಕಿಗೆ, ಪುಸ್ತಕ ಕಂಪನಿಗೆ.

ಕಾನೂನು ನಮ್ಮ ಕಡೆಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ನಂಬಿ ಕೊಟ್ಟ ಸ್ವಂತ ವಿವರವನ್ನು ಕಾನೂನಿನ ಆಧಾರವಿಲ್ಲದೆ ಬೇರೆಯವರಿಗೆ ತಿಳಿಸುವುದು ಅನ್ಯಾಯದ ವ್ಯಾಪಾರ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯು, ನಂಬರಿಗಾಗಿ ಗಿರಾಕಿಗಳನ್ನು ಒತ್ತಾಯಿಸಬಾರದೆಂದು ಅಂಗಡಿಗಳಿಗೆ ಸೂಚಿಸಿತು. 2023ರ ವೈಯಕ್ತಿಕ ದತ್ತಾಂಶ ಕಾಯಿದೆ ಇನ್ನೂ ಮುಂದೆ ಹೋಗಿದೆ: ಒಪ್ಪಿಗೆ ಕೇಳುವವರು ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಕೊಡಬೇಕು. ಅಂದರೆ ತಮಿಳುನಾಡಿನಲ್ಲಿರುವ ನಾವೂ ಕನ್ನಡದಲ್ಲಿ ಕೇಳಬಹುದು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಟವು. ಮುಖ್ಯ ಕಟ್ಟಳೆಗಳಿಗೆ ಅಲ್ಲಿಂದ 18 ತಿಂಗಳ ಗಡುವು ಇಟ್ಟಿದ್ದಾರೆ.

ಕಾಗದದ ಮೇಲಿನ ಹಕ್ಕು, ಕೇಳುವವರಿಲ್ಲದಿದ್ದರೆ ಕಾಗದದ ಮೇಲೆಯೇ ಉಳಿಯುತ್ತದೆ. ಕೂಲಿಯ ವಿಷಯದಲ್ಲಿ ಇದನ್ನು ನಾವು ಬಲ್ಲೆವು. ಆದುದರಿಂದ ನನ್ನ ಸಲಹೆ ಇಷ್ಟು:

1. "ನಂಬರ್ ಬೇಡ, ಬಿಲ್ ಕೊಡಿ" ಎಂದು ಮರ್ಯಾದೆಯಿಂದ ಹೇಳಿರಿ. ಮುದ್ರಿತ ಬಿಲ್ ಕೇಳಿ ಪಡೆಯಿರಿ.

2. ಮಿಕ್ಸಿಯ ಗ್ಯಾರಂಟಿಗೋ ಸಾಮಾನು ಮನೆಗೆ ತರಿಸಲಿಕ್ಕೋ ನಂಬರ್ ಬೇಕಾದರೆ ಕೊಡಿರಿ. ಔಷಧಿ ಅಂಗಡಿಯಲ್ಲಿ ಎರಡು ಸಲ ಯೋಚಿಸಿರಿ.

3. "ನಿಮ್ಮ ಪಾಯಿಂಟು ಇಂದೇ ಮುಗಿಯುತ್ತದೆ, ಇಲ್ಲಿ ಒತ್ತಿ" ಎಂಬ ಮೆಸೇಜನ್ನು ಒತ್ತಬೇಡಿರಿ. ಫೋನಿನಲ್ಲಿ ಕೇಳುವ ಯಾರಿಗೂ ಒಟಿಪಿ ಹೇಳಬೇಡಿರಿ.

4. ನಂಬರ್ ಕೊಡದ್ದಕ್ಕೆ ಸಾಮಾನು ಕೊಡುವುದಿಲ್ಲವೆಂದರೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಲೆಕ್ಕ ನೋಡಿದ ಮೇಲೂ ಪಾಯಿಂಟು ಬೇಕೆನ್ನುವವರು ತೆಗೆದುಕೊಳ್ಳಲಿ, ತಪ್ಪಲ್ಲ. ಆದರೆ ಮನೆಯವರೆಲ್ಲರೂ ತಿಳಿದು ಒಪ್ಪಿರಬೇಕು. ಏಕೆಂದರೆ ಆ ನಂಬರಿನ ಕೆಳಗೆ ಸೇರುವುದು ಒಬ್ಬರ ಲೆಕ್ಕವಲ್ಲ, ಇಡೀ ಮನೆಯ ಲೆಕ್ಕ.